ಟೀಚರಮ್ಮನ ಟಪಾಲು: ಕಂಸಾಳೆ ಮಕ್ಕಳು ಕಠ್ಮಂಡುವಿಗೆ ಹೊರಟರು

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯದ್ದು. ಶಾಲೆ ಮಕ್ಕಳು, ಹೊರದೇಶ, ದುಡ್ಡು. ನಾನು 31 ವರ್ಷ ಮೈಸೂರಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಮಕ್ಕಳನ್ನು ಕರೆದುಕೊಂಡು ದೇಶ ದಾಟಿದ್ದು ಒಂದೇ ಸಲ. 2014ರ ಮೇ ತಿಂಗಳಲ್ಲಿ, ಹತ್ತು ಹುಡುಗಿಯರ ಕೋಲಾಟ ತಂಡ ಕಟ್ಟಿಕೊಂಡು ನೇಪಾಳಕ್ಕೆ. ಹಾಗಾಗಿ ನೇಪಾಳದ ಬಗ್ಗೆ ಕೇಳಿದವರಿಗೆ ಉದ್ದ ಉತ್ತರ, ಸಿಂಗಪುರದವರಿಗೆ ಗಿಡ್ಡ ಉತ್ತರ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಮ್ಮಲ್ಲಿ 12 ಮಕ್ಕಳ ಕಂಸಾಳೆ ತಂಡ ಇದೆ. ಎಂಟು ಹುಡುಗರು, ನಾಲ್ಕು ಹುಡುಗಿಯರು. ಎಲ್ಲ 8 ಮತ್ತು 9ನೇ ತರಗತಿಯವರು. ಕಠ್ಮಂಡುವಿನ ಒಂದು ಶಾಲೆಯವರು ಒಂದು ವಾರಕ್ಕೆ ಬನ್ನಿ ಎಂದು ಕರೆದಿದ್ದಾರೆ. ಉಳಿಯುವ ವ್ಯವಸ್ಥೆ ಅವರದ್ದೇ. ನಾನು, ನಮ್ಮ ಪಿ.ಟಿ. ಮೇಡಂ, ಕಂಸಾಳೆ ಕಲಿಸುವ ಗುರುಗಳು ಸೇರಿ 15 ಜನ. ತಲೆಗೆ 18,000 ರೂಪಾಯಿಯಂತೆ 2.70 ಲಕ್ಷ ಬೇಕು. ಐದು ಮಕ್ಕಳ ಮನೆಯವರು ಪೂರ್ತಿ ಕೊಡುತ್ತೇವೆ ಅನ್ನುತ್ತಾರೆ. ಏಳು ಜನರಿಗೆ ಆಗುವುದಿಲ್ಲ. ಆ ಏಳು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಮಂಡ್ಯ ಪೇಟೆಯಲ್ಲಿ ಒಂದು ದಿನ ನಿಲ್ಲಿಸೋಣ ಅಂತ ಆಡಳಿತ ಮಂಡಳಿಯವರ ಸಲಹೆ. ಲಕ್ಕಿ ಡಿಪ್ ಕೂಪನ್ ಮಾಡೋಣ ಅಂತಲೂ ಇದೆ. ಸ್ಥಳೀಯ ನಾಯಕರೊಬ್ಬರು ಪೂರ್ತಿ ದುಡ್ಡು ಕೊಡಲು ಸಿದ್ಧ, ಆದರೆ ಮಕ್ಕಳ ಟೀ ಶರ್ಟಿನ ಮೇಲೆ ಅವರ ಫೋಟೋ ಬರಬೇಕಂತೆ. ಅಮೆರಿಕದಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರು 500 ಡಾಲರ್ ಕಳಿಸುತ್ತೇನೆ ಅಂದಿದ್ದಾರೆ. ದಸರಾ ರಜೆಯಲ್ಲಿ ಹೊರಡುವ ಯೋಚನೆ. ಪಾಸ್‌ಪೋರ್ಟು ಯಾರ ಹತ್ತಿರವೂ ಇಲ್ಲ. ದಾರಿ ತೋರಿಸಿ.

ಉತ್ತರ: ಮೇಷ್ಟ್ರೇ, ಡಬ್ಬಿಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಆ ತಪ್ಪು ನಾನೂ ಮಾಡಿದ್ದೇನೆ.

2014ರ ಫೆಬ್ರುವರಿ. ನಮಗೆ ಇನ್ನೂ 40,000 ಕಮ್ಮಿ ಇತ್ತು. ಪೌಡರ್ ಡಬ್ಬಿಗಳಿಗೆ ಬಿಳಿ ಹಾಳೆ ಸುತ್ತಿ, ಮೇಲೆ ಸೀಳು ಕೊರೆದು, ಇಬ್ಬಿಬ್ಬರು ಹುಡುಗಿಯರನ್ನು ಪೇಟೆಯ ಅಂಗಡಿ ಸಾಲಿಗೆ ಕಳಿಸಿದೆ. ಸಂಜೆ ಎಣಿಸಿದರೆ 3,260 ರೂಪಾಯಿ. ಪರವಾಗಿಲ್ಲ ಅಂದುಕೊಂಡೆ. ಹತ್ತು ವರ್ಷ ಆದಮೇಲೆ ಅದರಲ್ಲಿ ಒಬ್ಬಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತು, ಏನೋ ತಮಾಷೆ ಹೇಳುವ ಹಾಗೆ ಹೇಳಿದಳು: "ಮಿಸ್, ಅವತ್ತು ಒಬ್ಬ ಅಂಗಡಿಯವರು 'ಫಾರಿನ್ನಿಗೆ ಹೋಗೋಕೂ ಭಿಕ್ಷೆ ಎತ್ತುತ್ತೀರಾ' ಅಂತ ಕೇಳಿದ್ರು. ನಮ್ಮ ಡಬ್ಬಿಗೆ ಬಿದ್ದಿದ್ದ ದುಡ್ಡಲ್ಲಿ ನಲವತ್ತು ರೂಪಾಯಿ ನಾನೇ ಹಾಕಿದ್ದು, ಬಸ್ ಚಾರ್ಜಿನದ್ದು. ಖಾಲಿ ಡಬ್ಬಿ ತಂದ್ರೆ ನೀವು ಏನಂತೀರೋ ಅಂತ." ಬಸ್ ಚಾರ್ಜ್ ಹಾಕಿಬಿಟ್ಟು ಮನೆಗೆ ನಡೆದೇ ಹೋಗಿದ್ದಳು. ಒಬ್ಬಟ್ಟು ಬಾಯಲ್ಲೇ ನಿಂತಿತು ನನಗೆ.

ಆದ್ದರಿಂದ ಡಬ್ಬಿ ಬೇಡ. ಅದರಲ್ಲೂ ಏಳು ಮಕ್ಕಳ ಕೈಗೆ ಮಾತ್ರ ಡಬ್ಬಿ ಅಂದರೆ ಹೋಗುವ ಮೊದಲೇ ತಂಡ ಎರಡು ಭಾಗ ಆಯಿತು ಅಂತಲೇ ಲೆಕ್ಕ. ಕೊಟ್ಟವರ ಮಕ್ಕಳು, ಕೇಳಿದವರ ಮಕ್ಕಳು. ಕಿಟಕಿ ಸೀಟಿಗೆ ಜಗಳ ಬಂದಾಗ ಇದೇ ಮಾತು ಎದ್ದು ಬರುತ್ತದೆ, ನೋಡುತ್ತಿರಿ. ಎಲ್ಲ 12 ಮನೆಯವರಿಂದಲೂ ಒಂದೇ ಮೊತ್ತ ತೆಗೆದುಕೊಳ್ಳಿ. ನಿಮ್ಮ ಕಡೆಯ ಕೂಲಿ, ಹಾಲು, ಕಬ್ಬಿನ ಲೆಕ್ಕ ನೋಡಿದರೆ 4,000 ಆದೀತು, ಅದೂ ನಾಲ್ಕು ಕಂತಿನಲ್ಲಿ. ಪೂರ್ತಿ ಕೊಡುತ್ತೇವೆ ಅನ್ನುವ ಐದು ಮನೆಯವರು ಜಾಸ್ತಿ ಕೊಡಲಿ, ಬೇಡ ಅನ್ನುವುದಿಲ್ಲ. ಅದು ದೇಣಿಗೆ ರಸೀದಿಯಲ್ಲಿ ಬರಲಿ, ಮಗುವಿನ ಹೆಸರಿನ ಮುಂದೆ ಬೇಡ.

ನೀವು ಮತ್ತು ಪಿ.ಟಿ. ಮೇಡಂ ನಿಮ್ಮ ನಿಮ್ಮ 18,000 ಕೈಯಿಂದ ಹಾಕಿಕೊಳ್ಳಿ. ಕಹಿ ಮಾತು, ಗೊತ್ತು. ಆದರೆ ಮಕ್ಕಳ ಹೆಸರಲ್ಲಿ ಎತ್ತಿದ ದುಡ್ಡಲ್ಲಿ ಮೇಷ್ಟ್ರು ಟೂರ್ ಹೋದರು ಅಂತ ಒಂದು ಬಾಯಿ ಆಡಿದರೆ ಸಾಕು, ಊರೆಲ್ಲ ಆಡುತ್ತದೆ. ಗುರುಗಳ ಹತ್ತಿರ ಮಾತ್ರ ಒಂದು ಪೈಸೆ ಕೇಳಬೇಡಿ. ಅವರಿಲ್ಲದೆ ತಂಡವೇ ಇಲ್ಲ.

ಈಗ ಲೆಕ್ಕ ನೋಡಿ. ಮಕ್ಕಳದ್ದು 48,000, ನಿಮ್ಮಿಬ್ಬರದ್ದು 36,000. ಇನ್ನು ಬೇಕಾದ್ದು 1,86,000.

ಇದನ್ನು ಮಕ್ಕಳು ಕಂಸಾಳೆ ಹಿಡಿದೇ ದುಡಿಯಲಿ. ನವೆಂಬರ್ ಇದೆಯಲ್ಲ! ನಮ್ಮ ಕನ್ನಡ ಪ್ರೀತಿ ಹನ್ನೊಂದು ತಿಂಗಳು ಮಲಗಿದ್ದು ಆ ಒಂದು ತಿಂಗಳು ಎದ್ದು ಕೂರುತ್ತದೆ. ಬಡಾವಣೆ ಸಂಘಗಳು, ಫ್ಯಾಕ್ಟರಿಗಳು, ಮೈಸೂರು ಬೆಂಗಳೂರಿನ ಅಪಾರ್ಟ್‌ಮೆಂಟುಗಳು, ಬ್ಯಾಂಕಿನವರು, ಎಲ್ಲರಿಗೂ ರಾಜ್ಯೋತ್ಸವಕ್ಕೆ ಒಂದು ಜಾನಪದ ತಂಡ ಬೇಕು. ಒಂದನೇ ತಾರೀಖಿನಿಂದ 30ರವರೆಗೂ ಯಾವುದಾದರೂ ಒಂದು ಕಡೆ ಬಾವುಟ ಹಾರುತ್ತಲೇ ಇರುತ್ತದೆ. ಆಗಸ್ಟಿನಲ್ಲೇ ಹೋಗಿ ಮಾತಾಡಿ. 20 ನಿಮಿಷದ ಬೀಸು ಕಂಸಾಳೆಗೆ 10,000 ಕೇಳಿ. ನಾಚಿಕೆ ಬೇಡ. ಸೌಂಡ್ ಸಿಸ್ಟಮ್‌ನವರಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿರುತ್ತಾರೆ. ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಮಾತ್ರ, ಮಕ್ಕಳಿಗೆ ಊಟ ಮತ್ತು ವಾಹನ ಅವರದ್ದೇ, ರಾತ್ರಿ ಒಂಬತ್ತರೊಳಗೆ ಮಕ್ಕಳು ಮನೆ ಸೇರಬೇಕು. ಇಷ್ಟು ಮೊದಲೇ ಬರೆದುಕೊಟ್ಟುಬಿಡಿ. ಎಂಟು ಕಡೆ ಸಿಕ್ಕರೆ 80,000 ಆಯಿತು. ಜೊತೆಗೆ ಎಂಟು ಸಲ ಜನರ ಮುಂದೆ ಕುಣಿದ ಅಭ್ಯಾಸ. ಆಮೇಲೆ ಕಠ್ಮಂಡುವಿನಲ್ಲಿ ಕೈ ನಡುಗುವುದಿಲ್ಲ.

ಇನ್ನೊಂದು ದಾರಿ ಸಂಕ್ರಾಂತಿ. ಎಳ್ಳು-ಬೆಲ್ಲ.

ಹೇಳುವುದಕ್ಕೆ ಸುಲಭ. ಎಳ್ಳು, ಕಡಲೇಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ. ಮೊದಲ ಮೂರು ಬಾಣಲೆಯಲ್ಲಿ ಬಿಸಿ ಮಾಡಿದರೆ ಆಯಿತು. ಜೀವ ತೆಗೆಯುವುದು ಕೊಬ್ಬರಿ ಮತ್ತು ಬೆಲ್ಲ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯಬೇಕು, ಕಡ್ಡಿ ಕಡ್ಡಿ ಸೀಳಬೇಕು, ಆಮೇಲೆ ಸಣ್ಣಗೆ ಹೆಚ್ಚಬೇಕು. ಅಚ್ಚು ಬೆಲ್ಲವನ್ನು ಅಡಕತ್ತರಿಗೆ ಕೊಟ್ಟು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಬೇಕು. ಒಂದು ಕೆಜಿ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡದಲ್ಲಿ ಬೊಬ್ಬೆ. ಈ ಕೆಲಸಕ್ಕೆ ಈಗ ಮನೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆದರೆ ಅಂಗಡಿಯ ಬೆರಕೆಯಲ್ಲಿ ಬರೀ ಹುರಿಗಡಲೆಯೇ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ನಿಮ್ಮ ಪೊಟ್ಟಣಕ್ಕೆ ಗಿರಾಕಿ ಗ್ಯಾರಂಟಿ. ಮಂಡ್ಯದ ಬೆಲ್ಲ ಅಂತ ಬೇರೆ ಹೇಳಬಹುದು. ಅದು ಸುಳ್ಳೂ ಅಲ್ಲ.

ನಾವು ಆ ವರ್ಷ 60 ಕೆಜಿ ಮಾಡಿದೆವು. ಕಾಲು ಕೆಜಿಯ 240 ಪೊಟ್ಟಣ. ಕತ್ತರಿಸಿದ ಬೆಲ್ಲವನ್ನು ಮೊರದಲ್ಲಿ ಹರಡಿ ಎರಡು ದಿನ ಬಿಸಿಲಿಗೆ ಇಡಬೇಕು, ಹೊರಮೈ ಗಟ್ಟಿಯಾಗಬೇಕು. ಆಗಲೇ ಒಂದಕ್ಕೊಂದು ಅಂಟದೆ ಇರುವುದು. ಎರಡನೇ ದಿನ ಮೋಡ ಕವಿಯಿತು. ಕಾಯುವಷ್ಟು ತಾಳ್ಮೆ ನನಗಿರಲಿಲ್ಲ, ಪ್ಯಾಕ್ ಮಾಡಿಸಿಬಿಟ್ಟೆ. ಬೆಳಗಾಗುವಷ್ಟರಲ್ಲಿ 44 ಪೊಟ್ಟಣದಲ್ಲಿ ಬೆಲ್ಲ ಬೆವರಿ, ಎಳ್ಳೆಲ್ಲ ಅದಕ್ಕೆ ಮೆತ್ತಿಕೊಂಡು, ಒಂದೊಂದೂ ಚಿಕ್ಕಿ ಉಂಡೆ ಹಾಗೆ ಆಗಿತ್ತು. ಹನ್ನೊಂದು ಕೆಜಿ! ಮಕ್ಕಳು ಒಂದು ವಾರ ಅದನ್ನೇ ತಿಂದರು. ಉಳಿದ 196 ಪೊಟ್ಟಣ 70 ರೂಪಾಯಿಯಂತೆ ಹೋಯಿತು. ಖರ್ಚು ಕಳೆದು ಕೈಗೆ ಬಂದದ್ದು 6,000 ಚಿಲ್ಲರೆ. ನೀವು ಜನವರಿ 5ಕ್ಕೇ ಬೆಲ್ಲ ಕತ್ತರಿಸಿ ಮುಗಿಸಿ, ಮೊದಲೇ ಆರ್ಡರ್ ಬರೆದುಕೊಂಡು ಮಾಡಿ, ಇವತ್ತಿನ ರೇಟಿಗೆ 25,000 ಉಳಿಸಬಹುದು. ತಿನ್ನುವ ಪದಾರ್ಥ ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಊರಿನ ಸ್ತ್ರೀಶಕ್ತಿ ಸಂಘದವರ ಹತ್ತಿರ ಇದ್ದರೆ ಅವರ ಜೊತೆ ಸೇರಿಕೊಂಡು ಮಾಡಿ. ಅಡಕತ್ತರಿ ಮಕ್ಕಳ ಕೈಗೆ ಕೊಡಬೇಡಿ, ಅದು ತಾಯಂದಿರ ಕೆಲಸ. ಮಕ್ಕಳು ತೂಕ ಹಾಕಲಿ, ಚೀಟಿ ಬರೆಯಲಿ.

ಉಳಿದದ್ದು 81,000. ಅದನ್ನು ಹಳೆ ವಿದ್ಯಾರ್ಥಿಗಳ ಹತ್ತಿರ, ಪೇಟೆಯ ಅಂಗಡಿಯವರ ಹತ್ತಿರ ನೀವು ದೊಡ್ಡವರು ಹೋಗಿ ಕೇಳಿ. ನಂಬರ್ ಹಾಕಿದ ರಸೀದಿ ಪುಸ್ತಕ ಇರಲಿ. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿ ನಿಮ್ಮ ಟ್ರಸ್ಟಿಗೆ ಇದ್ದರೆ ಅದನ್ನೂ ಹೇಳಿ. 2,000ಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ಹಾಗಾಗಿ ಚೆಕ್ಕು ಅಥವಾ ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ಬಂದದ್ದು, ಹೋದದ್ದು, ಎರಡನ್ನೂ ನೋಟಿಸ್ ಬೋರ್ಡಿಗೆ ಪ್ರತಿ ಸೋಮವಾರ ಅಂಟಿಸಿ. ನಾನು ಅಂಟಿಸಿದ್ದೆ. ಓದಿದವರು ಕಮ್ಮಿ, ಆದರೆ ಕೇಳಿದವರೂ ಇಲ್ಲ.

ಅಮೆರಿಕದ 500 ಡಾಲರ್ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಆ ಹಳೆ ವಿದ್ಯಾರ್ಥಿಯ ಹತ್ತಿರ ಇರುವುದು ಯಾವ ದೇಶದ ಪಾಸ್‌ಪೋರ್ಟು ಅಂತ ಮೊದಲು ಕೇಳಿ. ಇನ್ನೂ ಭಾರತದ್ದೇ ಆಗಿದ್ದರೆ, ಅವರು ತಮ್ಮ ಉಳಿತಾಯದ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ ಕಾರ್ಡ್ (ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಇದ್ದರೂ ಸರಿ, ಅದು ವಿದೇಶಿ ದೇಣಿಗೆ. 2010ರ ಎಫ್‌ಸಿಆರ್‌ಎ ಕಾಯ್ದೆ ಪ್ರಕಾರ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಶಾಲೆಯ ಖಾತೆಗೆ ಹಾಕಿಸಿಕೊಳ್ಳುವ ಹಾಗಿಲ್ಲ. ಪ್ರೀತಿಯಿಂದ ಬಂದ 500 ಡಾಲರಿಗೆ ನೀವು ನೋಟಿಸಿಗೆ ಉತ್ತರ ಬರೆಯುತ್ತಾ ಕೂರಬೇಕಾದೀತು. ಊರಿಗೆ ಬಂದಾಗ ಮಕ್ಕಳ ಕುಣಿತ ನೋಡಿ ಹೋಗಲಿ ಅಂತ ಕರೆಯಿರಿ.

ಲಕ್ಕಿ ಡಿಪ್ ಬೇಡವೇ ಬೇಡ. ನಮ್ಮ ರಾಜ್ಯ 2007ರಲ್ಲೇ ಲಾಟರಿ ನಿಷೇಧ ಮಾಡಿದೆ. ದುಡ್ಡು ತೆಗೆದುಕೊಂಡು ಚೀಟಿ ಎತ್ತಿ ಬಹುಮಾನ ಕೊಡುವುದಕ್ಕೆ ಶಾಲೆ ಅಂತ ವಿನಾಯಿತಿ ಇಲ್ಲ. ಗಣಪತಿ ಪೆಂಡಾಲಿನಲ್ಲಿ ಎಲ್ಲರೂ ಮಾಡುತ್ತಾರೆ ಅಂತ ನಿಮ್ಮ ಮಂಡಳಿಯವರು ಹೇಳುತ್ತಾರೆ. ಹೇಳಲಿ.

ಇನ್ನು ನಾಯಕರ ಫೋಟೋ. ಮಕ್ಕಳ ಬೆನ್ನು ಫ್ಲೆಕ್ಸ್ ಬೋರ್ಡ್ ಅಲ್ಲ ಅಂತ ಅವರ ಮುಖಕ್ಕೆ ಹೇಳಿದರೆ ನಿಮ್ಮ ಶಾಲೆಯ ಕಾಂಪೌಂಡ್ ಅರ್ಧಕ್ಕೇ ನಿಲ್ಲುತ್ತದೆ, ಅದೂ ಗೊತ್ತು. ಹೀಗೆ ಹೇಳಿ: "ಅಣ್ಣಾ, ಕಂಸಾಳೆಯವರು ಮಾದಪ್ಪನ ಒಕ್ಕಲು. ಮೈಮೇಲೆ ಬೇರೆಯವರ ಚಿತ್ರ ಹಾಕಿಕೊಂಡು ಕುಣಿಯುವುದಕ್ಕೆ ಗುರುಗಳು ಒಪ್ಪಲ್ಲ. ನೀವೇ ಬಂದು ದೀಪ ಹಚ್ಚಿ ಕಳಿಸಿಕೊಡಿ." ಮಾದಪ್ಪನ ಹೆಸರು ಬಂದಮೇಲೆ ನಿಮ್ಮ ಕಡೆ ಯಾರೂ ಎದುರು ಮಾತಾಡುವುದಿಲ್ಲ. ಅವರ ದುಡ್ಡಿಗೂ ಎಲ್ಲರಿಗೆ ಕೊಡುವ ರಸೀದಿಯನ್ನೇ ಕೊಡಿ.

ಯಾವಾಗ ಹೋಗುವುದು? ದಸರಾ ರಜೆಯಲ್ಲಿ ಮಾತ್ರ ಬೇಡ. ನಮ್ಮ ನವರಾತ್ರಿಯ ದಿನಗಳಲ್ಲೇ ಅವರಿಗೆ ದಶೈಂ. ನೇಪಾಳದ ಅತಿ ದೊಡ್ಡ ಹಬ್ಬ ಅದು, ಹದಿನೈದು ದಿನ. ಶಾಲೆಗೆ ಬೀಗ, ಕಠ್ಮಂಡುವಿನ ಜನ ಊರು ಕಡೆ, ಬಸ್ಸಿನ ಟಾಪಿನ ಮೇಲೂ ಜಾಗ ಇರುವುದಿಲ್ಲ. ಕರೆದವರು ಮರೆತು ಕರೆದಿದ್ದಾರೋ ನೀವೇ ತಾರೀಖು ಸೂಚಿಸಿದಿರೋ, ಒಂದು ಸಲ ಫೋನ್ ಮಾಡಿ. ಏಪ್ರಿಲ್ ಕೊನೆ ವಾರ ಒಳ್ಳೆಯದು. ನಮಗೆ ಬೇಸಿಗೆ ರಜೆ. ಅವರಿಗೆ ಏಪ್ರಿಲ್ ನಡುವೆ ವೈಶಾಖ ಒಂದಕ್ಕೆ ಹೊಸ ವರ್ಷ ಆಗಿ, ಶಾಲೆ ಹೊಸದಾಗಿ ಶುರುವಾಗಿರುತ್ತದೆ. ನಿಮಗೂ ದುಡ್ಡು ಹೊಂದಿಸಲು ನವೆಂಬರ್, ಜನವರಿ ಎರಡೂ ಸಿಗುತ್ತವೆ. ಕಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ, ಮೈಸೂರಿನ ಹೆಚ್ಚುಕಮ್ಮಿ ಎರಡರಷ್ಟು. ಏಪ್ರಿಲ್‌ನಲ್ಲೂ ರಾತ್ರಿಗೆ ಒಂದು ಸ್ವೆಟರ್ ಬೇಕು.

ಪಾಸ್‌ಪೋರ್ಟು ಇಲ್ಲ ಅಂತ ಗಾಬರಿ ಬೇಡ. ನೇಪಾಳಕ್ಕೆ ಭಾರತದವರಿಗೆ ವೀಸಾ ಇಲ್ಲ. ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಸಾಕು. 15 ವರ್ಷದೊಳಗಿನ ಮಕ್ಕಳಿಗೆ ಆಧಾರ್ ನಡೆಯುತ್ತದೆ. 15ರಿಂದ 18ರವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ಬೇಕು. ಇಲ್ಲೇ ಜನ ಎಡವುವುದು. ನಿಮ್ಮ 9ನೇ ತರಗತಿಯವರಲ್ಲಿ ಕೆಲವರಿಗೆ ಏಪ್ರಿಲ್ ಹೊತ್ತಿಗೆ 15 ತುಂಬಿರುತ್ತದೆ. ಇವತ್ತಿನ ವಯಸ್ಸಲ್ಲ, ಹೊರಡುವ ದಿನದ ವಯಸ್ಸು ಲೆಕ್ಕ ಹಾಕಿ. ಗುರುಗಳ ಆಧಾರ್ ಒಂದೇ ಹಿಡಿದುಕೊಂಡು ಬರಬೇಡಿ, ವೋಟರ್ ಐಡಿ ತರಿಸಿ. ಬಿಇಒ ಕಚೇರಿ ಮೂಲಕ ಇಲಾಖೆಯ ಅನುಮತಿ, ಪ್ರತಿ ಮಗುವಿನ ಅಪ್ಪ ಅಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ, ಇವು ಹೇಗೂ ಇರಲೇಬೇಕು.

ದಾರಿಯ ಬಗ್ಗೆ ಒಂದು ಮಾತು. ಮೈಸೂರಿನಿಂದ ಬಿಹಾರದ ದರ್ಭಂಗಕ್ಕೆ ಹೋಗುವ ರೈಲಿನ ಹೆಸರು ಬಾಗ್ಮತಿ ಎಕ್ಸ್‌ಪ್ರೆಸ್. ಕಠ್ಮಂಡುವಿನಲ್ಲಿ ಪಶುಪತಿನಾಥನ ಪಕ್ಕ ಹರಿಯುವ ಹೊಳೆಯೂ ಬಾಗ್ಮತಿಯೇ. ಆ ಹೊಳೆ ಹೆಸರಿನ ರೈಲು ನಮ್ಮೂರ ಸ್ಟೇಷನ್ನಿನಲ್ಲೇ ನಿಂತಿರುತ್ತದೆ ಅಂದರೆ ಮಕ್ಕಳಿಗೆ ಎಷ್ಟು ಖುಷಿ ಅಲ್ವಾ? ಎರಡು ದಿನಕ್ಕೂ ಜಾಸ್ತಿ ಪ್ರಯಾಣ. ದರ್ಭಂಗದಿಂದ ಜಯನಗರಕ್ಕೆ ಹೋದರೆ (ನಮ್ಮ ಬೆಂಗಳೂರಿನದ್ದಲ್ಲ!) 2022ರಿಂದ ಅಲ್ಲಿಂದ ಗಡಿ ದಾಟಿ ಜನಕಪುರಕ್ಕೆ ರೈಲು ಓಡುತ್ತಿದೆ. ಸೀತೆಯ ತವರು. ಅಲ್ಲಿಂದ ಕಠ್ಮಂಡುವಿಗೆ ಬಸ್ಸು. ಅದು ಸುತ್ತು ಅನ್ನಿಸಿದರೆ ಬಿಹಾರದ ಗಡಿ ಊರು ರಕ್ಸೌಲ್ ದಾಟಿ ನೇಪಾಳದ ಬೀರ್‌ಗಂಜ್ ಮೇಲೆ ಹೋಗಿ. ಶೈಕ್ಷಣಿಕ ಪ್ರವಾಸಕ್ಕೆ ಸ್ಲೀಪರಿನಲ್ಲಿ ವಿದ್ಯಾರ್ಥಿ ರಿಯಾಯಿತಿ ಇದೆ, ಆದರೆ ಆನ್‌ಲೈನ್‌ನಲ್ಲಿ ಸಿಗುವುದಿಲ್ಲ. ಸ್ಟೇಷನ್ನಿಗೆ ಹೋಗಿ ಫಾರಂ ತಂದು, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿ, ಕೌಂಟರಿನಲ್ಲೇ ಕೊಡಬೇಕು. ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಫೆಬ್ರುವರಿ ಕೊನೆಯಲ್ಲಿ ಕ್ಯೂನಲ್ಲಿ ನಿಲ್ಲಲು ಒಬ್ಬರನ್ನು ಈಗಲೇ ಗೊತ್ತು ಮಾಡಿ.

ನಾವು ಹೋದದ್ದು ಗೋರಖ್‌ಪುರದ ಮೇಲೆ, ಸುನೌಲಿ ಗಡಿ ದಾಟಿ. ನಮ್ಮ 24 ಕೋಲುಗಳನ್ನು ಹಳೆ ಸೀರೆಯಲ್ಲಿ ಸುತ್ತಿದ್ದೆವು. ಗಡಿಯಲ್ಲಿ ಪೊಲೀಸಪ್ಪ ಗಂಟು ಬಿಚ್ಚಿಸಿ, ಹುಡುಗಿಯರಿಗೆ ಇಷ್ಟೊಂದು ಲಾಠಿ ಯಾಕೆ ಅಂದ. ನನ್ನ ಹಿಂದಿ ಅಷ್ಟಕ್ಕಷ್ಟೆ. ಇಬ್ಬರು ಹುಡುಗಿಯರು ಎರಡೆರಡು ಕೋಲು ಎತ್ತಿಕೊಂಡು ಅಲ್ಲೇ ನಾಲ್ಕು ಹೆಜ್ಜೆ ಹಾಕಿ ತೋರಿಸಿದರು. ಬಿಟ್ಟ. ನಿಮ್ಮದು ಕಂಚಿನ ಸಾಮಾನು. ಎಷ್ಟು ಜೊತೆ, ಯಾರದ್ದು ಎಂದು ಶಾಲೆಯ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ ಇಟ್ಟುಕೊಳ್ಳಿ. ಬಲಗೈ ತಾಳಕ್ಕೆ ಕಟ್ಟುವ ದಾರ ನಾಲ್ಕು ಉಂಡೆ ಜಾಸ್ತಿ ಇರಲಿ, ಅಲ್ಲಿ ಹುಡುಕಲಾರಿರಿ.

ಅಲ್ಲಿನ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ನಮ್ಮ 100 ರೂಪಾಯಿಗೆ ಅವರ 160. ಮಕ್ಕಳು ಎರಡೇ ದಿನದಲ್ಲಿ 160ರ ಮಗ್ಗಿ ಕಲಿತುಬಿಟ್ಟಿದ್ದರು. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ನಮ್ಮ ಕರ್ನಾಟಕದ ಕಡೆಯವರೇ. ನಿಮ್ಮ ಗುರುಗಳನ್ನು ಅಲ್ಲಿಗೆ ಮೊದಲ ದಿನವೇ ಕರೆದುಕೊಂಡು ಹೋಗಿ, ಆಮೇಲೆ ಅವರಿಗೆ ಹೊರದೇಶ ಅನ್ನಿಸುವುದಿಲ್ಲ. ನಮ್ಮ ಹುಡುಗಿಯರು ಧರಹರಾ ಗೋಪುರ ಹತ್ತಿ 213 ಮೆಟ್ಟಿಲು ಎಣಿಸಿದ್ದರು. ಮುಂದಿನ ವರ್ಷ ಏಪ್ರಿಲ್ 25ರ ಭೂಕಂಪಕ್ಕೆ ಅದು ಬುಡವೊಂದು ಬಿಟ್ಟು ಪೂರ್ತಿ ಬಿತ್ತು. ಅವತ್ತು ಸಂಜೆ ಟಿವಿ ನೋಡಿ ಹತ್ತರಲ್ಲಿ ಏಳು ಹುಡುಗಿಯರು ನಮ್ಮ ಮನೆ ಬಾಗಿಲಿಗೆ ಬಂದು ನಿಂತಿದ್ದರು, ಯಾರೂ ಕರೆಯದೆ. ಈಗ ಗೋಪುರವನ್ನು ಮತ್ತೆ ಕಟ್ಟಿದ್ದಾರೆ.

ಪ್ರಶ್ನೆ: ನಮ್ಮ ಮೊಮ್ಮಗಳು ಶಾಲೆಯಿಂದ ನೇಪಾಳಕ್ಕೆ ಹೋಗುತ್ತಾಳಂತೆ. ಎರಡು ಹೊತ್ತು ಮುದ್ದೆ ಉಣ್ಣುವ ಮಗು. ಅಲ್ಲಿ ಏನು ತಿನ್ನುತ್ತಾಳೆ ಎಂದು ನನಗೆ ನಿದ್ದೆ ಇಲ್ಲ.
(ಒಬ್ಬ ಅಜ್ಜಿ, ಮಳವಳ್ಳಿ)

ಉತ್ತರ: ಅಕ್ಕಾ, ನಿದ್ದೆ ಮಾಡಿ. ಅಲ್ಲಿ ಧಿಂಡೋ ಅಂತ ಮಾಡುತ್ತಾರೆ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಕೋಲಿನಲ್ಲಿ ಗೊಟಾಯಿಸಿ, ಬಿಸಿ ಬಿಸಿ ಬಡಿಸುತ್ತಾರೆ. ಕೋದೋ ಹಿಟ್ಟಿನ ಧಿಂಡೋ ಕೇಳಲು ಹೇಳಿ. ಕೋದೋ ಅಂದರೆ ನಮ್ಮ ರಾಗಿಯೇ. ನಮ್ಮಷ್ಟು ಚೆನ್ನಾಗಿ ಉಂಡೆ ಕಟ್ಟುವುದಿಲ್ಲ, ಬಸ್ಸಾರೂ ಸಿಗುವುದಿಲ್ಲ. ಅದೊಂದೇ ಕೊರತೆ. ಅನ್ನ, ಬೇಳೆ, ಪಲ್ಯವಂತೂ ಎಲ್ಲ ಕಡೆ ಉಂಟು.

ಪ್ರಶ್ನೆ: ನನ್ನ ಮಗಳು 8ನೇ ತರಗತಿ. ಅವಳ ಶಾಲೆಯಿಂದ ಹದಿನಾರು ಮಕ್ಕಳು ವಿಜ್ಞಾನ ಪ್ರವಾಸಕ್ಕೆ ಸಿಂಗಪುರಕ್ಕೆ ಹೋಗುತ್ತಾರೆ. ಅವಳ ತಂದೆ ಆರು ವರ್ಷದಿಂದ ನಮ್ಮ ಜೊತೆ ಇಲ್ಲ. ಎಲ್ಲಿದ್ದಾರೋ ಗೊತ್ತಿಲ್ಲ. ಡೈವೋರ್ಸ್ ಆಗಿಲ್ಲ. ಅವರ ಸಹಿ ಇಲ್ಲದೆ ಪಾಸ್‌ಪೋರ್ಟು ಆಗುವುದಿಲ್ಲ ಎಂದು ಏಜೆಂಟರೊಬ್ಬರು 15,000 ಕೇಳುತ್ತಿದ್ದಾರೆ.
(ಒಬ್ಬ ತಾಯಿ, ಮೈಸೂರು)

ಉತ್ತರ: ಆ ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡಿ, ತಾಯಿ. ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಇದ್ದಾಗ ಅರ್ಜಿಯ ಜೊತೆ ಕೊಡುವ ಘೋಷಣಾ ಪತ್ರ ಅನೆಕ್ಶರ್ ಡಿ. ಒಬ್ಬರ ಒಪ್ಪಿಗೆ ಸಿಗದಿದ್ದಾಗ ಕೊಡುವುದು ಅನೆಕ್ಶರ್ ಸಿ. ನಿಮಗೆ ಬೇಕಾದ್ದು ಸಿ. ಯಾಕೆ ಸಹಿ ಸಿಗುತ್ತಿಲ್ಲ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. 2016ರ ಡಿಸೆಂಬರಿನಲ್ಲಿ ನಿಯಮ ಸಡಿಲ ಮಾಡಿದಾಗಿನಿಂದ ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಯಾರಾದರೂ ಒಬ್ಬರ ಹೆಸರಿದ್ದರೆ ಸಾಕು. ಈ ಅನೆಕ್ಶರ್‌ಗಳಿಗೆ ನೋಟರಿಯೂ ಬೇಡ, ಬಿಳಿ ಹಾಳೆಯ ಮೇಲೆ ನಿಮ್ಮದೇ ಘೋಷಣೆ.

ಮಕ್ಕಳ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,000 ರೂಪಾಯಿ. ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ನಡೆಯುತ್ತದೆ. ಆನ್‌ಲೈನ್‌ನಲ್ಲಿ ದಿನ ಗೊತ್ತು ಮಾಡಿಕೊಂಡು ಮಗಳನ್ನು ಕರೆದುಕೊಂಡೇ ಹೋಗಿ. ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೆಲಸ ಅನ್ನುವ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾದದ್ದೇ ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ಕ್ಕೆ. ಇಂಥ ವಿಷಯದಲ್ಲಿ ನಾವು ಮೊದಲಿಗರು ಅಂತ ನಮಗೇ ಗೊತ್ತಿರುವುದಿಲ್ಲ ನೋಡಿ.

ಹೆಸರಿನ ಕಡೆ ಗಮನ ಕೊಡಿ. ನಮ್ಮಲ್ಲಿ ಹೆಸರಿನ ಹಿಂದೆ ಮುಂದೆ ಎರಡು ಇಂಗ್ಲಿಷ್ ಅಕ್ಷರ ಅಂಟಿಸುತ್ತೇವೆ. ಒಂದು ಊರು, ಒಂದು ಅಪ್ಪ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹೇಗೆ ಬಿಡಿಸುತ್ತೀರೋ ಅದನ್ನು ಶಾಲೆಯ ದಾಖಲೆ, ಆಧಾರ್ ಎರಡರ ಜೊತೆ ಹೊಂದಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರುವ ಮೊದಲು ಈ ಕೆಲಸ ಸುಲಭ, ಆಮೇಲೆ ಅಲೆದಾಟ. ಟೂರಿನವರು ಹೇಳುವ ಮೊತ್ತದಲ್ಲಿ ಟಿಸಿಎಸ್ ಸೇರಿದೆಯಾ ಅಂತಲೂ ಕೇಳಿ. ಹೊರದೇಶದ ಪ್ಯಾಕೇಜಿಗೆ ಹಿಡಿಯುವ ತೆರಿಗೆ ಅದು. ನಿಮ್ಮ ಪ್ಯಾನ್ ನಂಬರ್ ಕೊಟ್ಟಿದ್ದರೆ ರಿಟರ್ನ್ ಹಾಕಿ ವಾಪಸ್ ಕೇಳಬಹುದು. ಸುಮಾರು ಜನ ಹಾಗೇ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಟೀಚರಮ್ಮ, ನಾನು ಮದ್ದೂರು ತಾಲ್ಲೂಕು, 9ನೇ ಕ್ಲಾಸು. ನಮ್ಮ ಶಾಲೆಯಿಂದ ಸಿಂಗಪುರಕ್ಕೆ 98,000. ಬಲವಂತ ಇಲ್ಲ ಎಂದು ಹೇಳಿದ್ದಾರೆ, ಆದರೆ ದಿನಾ ಬೆಳಿಗ್ಗೆ ಕ್ಲಾಸಿನಲ್ಲಿ ಮೊದಲ ಕಂತು ಕಟ್ಟಿದವರ ಹೆಸರು ಓದುತ್ತಾರೆ. ನಾನು ಮನೆಯಲ್ಲಿ ಹೇಳಬಾರದಿತ್ತು, ಹೇಳಿಬಿಟ್ಟೆ. ನಮ್ಮಪ್ಪ ಸೀಮೆ ಹಸು ಮಾರುತ್ತೇನೆ ಅನ್ನುತ್ತಿದ್ದಾರೆ. ನಮ್ಮ ಹತ್ತಿರ ಇರುವುದು ಎರಡೇ. ನನಗೆ ಹೋಗಲು ಇಷ್ಟ ಇಲ್ಲ ಎಂದು ಸುಳ್ಳು ಹೇಳಲಾ?

ಉತ್ತರ: ಸುಳ್ಳು ಬೇಡ ಮಗಾ. ಇಷ್ಟ ಇಲ್ಲ ಅಂದರೆ ಅಪ್ಪ ನಂಬುವುದಿಲ್ಲ. ನಿನ್ನ ಮುಖ ನೋಡಿಯೇ ಹಸು ಮಾರುವ ಮಾತು ಎತ್ತಿರುವುದು ಅವರು. ಇರುವುದನ್ನೇ ಹೇಳು: "ಅಪ್ಪಾ, ನಂಗೆ ಹೋಗೋ ಆಸೆ ಇದೆ. ಹಸು ಮಾರಿ ಹೋಗೋ ಆಸೆ ಇಲ್ಲ." ಇಷ್ಟೇ. ಹಾಲು ಕರೆಯುವ ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು ಹೇಳು. ಡೇರಿ ಬಟವಾಡೆ ಬರುವುದು ಯಾವ ಹಸುವಿನಿಂದ ಎಷ್ಟು ಅಂತ ನಿನಗೆ ಗೊತ್ತಿರುತ್ತದಲ್ಲ, ಅದನ್ನೂ ಹೇಳು. ಅಪ್ಪಂದಿರಿಗೆ ಮಗ ಮನೆ ಲೆಕ್ಕ ಮಾತಾಡಿದರೆ ಒಳಗೊಳಗೇ ಖುಷಿ. ತೋರಿಸಿಕೊಳ್ಳುವುದಿಲ್ಲ ಅಷ್ಟೇ.

ಸಿಂಗಪುರ ಎಲ್ಲೂ ಓಡಿ ಹೋಗುವುದಿಲ್ಲ. 1965ರಲ್ಲಿ ಸ್ವತಂತ್ರ ದೇಶವಾಯಿತು, ನೀನು ಡಿಗ್ರಿ ಮುಗಿಸಿ ಸಂಬಳ ಎಣಿಸುವವರೆಗೂ ಅಲ್ಲೇ ಇರುತ್ತದೆ.

ಹೆಸರು ಓದುವ ಆ ಮೇಷ್ಟ್ರಿಗೆ ಈ ಪುಟ ಸಿಕ್ಕರೆ ಒಂದು ಮಾತು. ಹಾಜರಿ ಕೂಗಿ. ದುಡ್ಡು ಕಟ್ಟಿದವರ ಹೆಸರು ಆಫೀಸಿನ ಪುಸ್ತಕದಲ್ಲಿರಲಿ. ನಾನು ಒಂದು ಡಬ್ಬಿಯ ವಿಷಯ ತಿಳಿಯಲು ಹತ್ತು ವರ್ಷ ತೆಗೆದುಕೊಂಡೆ. ನಿಮಗೆ ಈಗಲೇ ಹೇಳಿದ್ದೇನೆ.

ಮಗಾ, ಹಸುವಿನ ಹೆಸರು ಬರೆದಿಲ್ಲ ನೀನು. ಮುಂದಿನ ಕಾಗದದಲ್ಲಿ ಬರಿ.